ಅಧಿಕಾರ ಯಾರ ಸೊತ್ತು? ನಿಜಲಿಂಗಪ್ಪನವರ ರಾಜಕಾರಣವನ್ನು ಕುರಿತು ಒಂದು ಚಿಂತನೆ

ರಾಜಕಾರಣವೆಂದೊಡನೆ ಮೂಗು ಮುರಿಯುವುದು ನಮ್ಮ ಸುಶಿಕ್ಷಿತ ಮನೆತನಗಳಲ್ಲಿ ಒಂದು ವಾಡಿಕೆಯೇ ಆಗಿಬಿಟ್ಟಿದೆ. ಮಗನು ವೈದ್ಯನಾಗಲಿ, ಮಗಳು ಇಂಜಿನಿಯರಳಾಗಲಿ ಎಂದು ಹರಸುವ ತಂದೆತಾಯಿಗಳು ‘ರಾಜಕೀಯದ ಗೊಡವೆ ಮಾತ್ರ ನಮಗೆ ಬೇಡಪ್ಪಾ’ ಎಂದು ಎಚ್ಚರಿಸಲು ಮರೆಯುವುದಿಲ್ಲ. ಅದೇ ಮನೆಯ ಪಡಸಾಲೆಯಲ್ಲಿ ಸಂಜೆ ನಾಲ್ವರು ಕೂಡಿದರೆ ನಡೆಯುವ ಮಾತೆಲ್ಲವೂ ರಾಜಕೀಯದ್ದೇ ಆಗಿರುತ್ತದೆ. ಯಾರು ಮಂತ್ರಿಯಾದರು, ಯಾರ ಕುರ್ಚಿ ಅಲುಗಾಡುತ್ತಿದೆ, ನಮ್ಮವರಿಗೆ ಎಷ್ಟು ಸ್ಥಾನ ದೊರೆತವು ಎಂಬ ಲೆಕ್ಕಾಚಾರ ಊಟದ ಕರೆ ಬರುವವರೆಗೂ ಮುಗಿಯುವುದಿಲ್ಲ. ರಾಜಕಾರಣವನ್ನು ಹೊಲಸೆನ್ನುತ್ತ ಅದರ ಫಲವನ್ನು ಮಾತ್ರ ಎಣಿಸುವ ಈ ರೂಢಿ ನಮ್ಮ ಮಕ್ಕಳಿಗೆ ಏನನ್ನು ಕಲಿಸುತ್ತದೆಯೋ ನಾವು ಯೋಚಿಸಿದಂತಿಲ್ಲ.

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಎಸ್. ನಿಜಲಿಂಗಪ್ಪನವರ ಸಾರ್ವಜನಿಕ ಜೀವನವನ್ನು ಈ ಲೇಖನದಲ್ಲಿ ಅವಲೋಕಿಸಬಯಸಿದ್ದೇವೆ. ಅವರನ್ನು ‘ನಮ್ಮವರು’ ಎಂದು ಕೊಂಡಾಡುವುದು ನಮ್ಮ ಉದ್ದೇಶವಲ್ಲ. ಅಂಥ ಕೊಂಡಾಟ ನಮ್ಮ ಸಭೆ ಸಮಾರಂಭಗಳಲ್ಲಿ ಬೇಕಾದಷ್ಟು ನಡೆದಿದೆ. ಅಧಿಕಾರವನ್ನು ಪಡೆದು, ಕಳೆದುಕೊಂಡು, ಮತ್ತೆ ಪಡೆದು, ಕೊನೆಗೆ ಮೂವತ್ತು ವರ್ಷಗಳ ಕಾಲ ಅದಿಲ್ಲದೆಯೇ ಬಾಳಿದ ಒಬ್ಬ ವ್ಯಕ್ತಿ ಅಧಿಕಾರವನ್ನು ಏನೆಂದು ತಿಳಿದಿದ್ದರು, ಆ ತಿಳಿವಳಿಕೆಗೆ ಅವರ ನಡೆ ಎಷ್ಟರಮಟ್ಟಿಗೆ ಹೊಂದಿತ್ತು, ಎಲ್ಲಿ ಹೊಂದಲಿಲ್ಲ ಎಂಬುದೇ ನಮ್ಮ ಕುತೂಹಲ.

ನಿಜಲಿಂಗಪ್ಪನವರು ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಅಂದಿನ ಬಳ್ಳಾರಿ ಜಿಲ್ಲೆಯ ಹಲುವಾಗಲು ಗ್ರಾಮದಲ್ಲಿ. ಐದು ವರ್ಷದ ಬಾಲಕನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡರು. ತಾಯಿಯ ತವರಿನ ಆಸರೆಯಲ್ಲಿ ಬೆಳೆದ ಹುಡುಗನಿಗೆ ದಾವಣಗೆರೆಯಲ್ಲಿ ವೀರಪ್ಪ ಮಾಸ್ತರರೆಂಬ ಹಿರಿಯ ಶಿಕ್ಷಕರಿಂದ ಸಾಂಪ್ರದಾಯಿಕ ವಿದ್ಯಾಭ್ಯಾಸವಾಯಿತು. ಬಸವಣ್ಣನವರ ಬದುಕು, ವಿಚಾರಗಳ ಪರಿಚಯ ಆ ವಯಸ್ಸಿನಲ್ಲೇ ಅವರಿಗಾಯಿತು. ಬಿಜ್ಜಳನ ಭಂಡಾರದ ಹೊಣೆ ಹೊತ್ತೂ ಅದಕ್ಕೆ ಅಂಟಿಕೊಳ್ಳದೆ, ವೇಳೆ ಬಂದಾಗ ಕಲ್ಯಾಣವನ್ನೇ ತೊರೆದು ನಡೆದ ಒಬ್ಬ ಮಂತ್ರಿಯ ಚಿತ್ರ ಎಳೆಯ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂಬುದನ್ನು ಅಳೆದು ಹೇಳಲಾಗದು. ಅವರ ಮುಂದಿನ ಬದುಕಿನಲ್ಲಿ ಅದರ ನೆನಪು ನಮಗಂತೂ ಮತ್ತೆ ಮತ್ತೆ ಬರುತ್ತದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1924ರಲ್ಲಿ ಪದವಿ, ಪುಣೆಯಲ್ಲಿ 1926ರಲ್ಲಿ ಕಾನೂನು ಪದವಿ, ಆ ಬಳಿಕ ಚಿತ್ರದುರ್ಗದಲ್ಲಿ ವಕೀಲಿ. ಡಾ. ನಾ. ಸು. ಹರ್ಡೀಕರರ ಒಡನಾಟ ಅವರನ್ನು ಕಾಂಗ್ರೆಸ್ಸಿನ ಸ್ವಯಂಸೇವಕನನ್ನಾಗಿ ಮಾಡಿತು.

1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಸತ್ಯಾಗ್ರಹ ನಡೆಯಿತು. ಹೆಂಡಕ್ಕೆ ಮೂಲವಾದ ಈಚಲು ಮರಗಳನ್ನು ಕಡಿದು ಸರಕಾರದ ಕಾನೂನನ್ನು ಮುರಿಯುವುದು ಅದರ ಸ್ವರೂಪ. ನಿಜಲಿಂಗಪ್ಪನವರು ಅದರ ಮುಂದಾಳಾಗಿ ಸೆರೆಮನೆ ಕಂಡರು. ಇದೇ ವ್ಯಕ್ತಿ ಮುಖ್ಯಮಂತ್ರಿಯಾಗಿದ್ದಾಗಲೇ, 1967ರಲ್ಲಿ, ರಾಜ್ಯದಲ್ಲಿ ಜಾರಿಯಲ್ಲಿದ್ದ ಪಾನನಿರೋಧವನ್ನು ತೆಗೆದುಹಾಕಲಾಯಿತು. ಮರ ಕಡಿದ ಕೈಯೇ ಅಂಗಡಿಯ ಬೀಗ ತೆಗೆಯಿತಲ್ಲ ಎಂದು ನಮ್ಮ ತಾಯಂದಿರು ಕೇಳಿದರೆ ಅದರಲ್ಲಿ ತಪ್ಪೇನಿಲ್ಲ. ಕಳ್ಳಭಟ್ಟಿಯ ಹಾವಳಿ, ಬೊಕ್ಕಸದ ಅಡಚಣೆ ಎಂದು ಆಡಳಿತಗಾರರು ಕಾರಣ ಕೊಡುತ್ತಾರೆ. ಆ ಕಾರಣಗಳು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಬೀದಿಯಲ್ಲಿ ನಿಂತಾಗ ಕಾಣುವ ಸತ್ಯವೂ ಕುರ್ಚಿಯಲ್ಲಿ ಕುಳಿತಾಗ ಕಾಣುವ ಸತ್ಯವೂ ಒಂದೇ ಆಗಿ ಉಳಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮ ನಾಡಿನ ಚರಿತ್ರೆಯಲ್ಲಿ ಸಿಗುವುದು ಕಷ್ಟ.

ಏಕೀಕರಣದ ದಿನಗಳು

ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಅವರು ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾಗಿದ್ದರು. ಸಂವಿಧಾನ ಸಭೆಯ ಸದಸ್ಯರೂ ಆಗಿದ್ದರು. 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದರು. ಹರಿದು ಹಂಚಿಹೋಗಿದ್ದ ಕನ್ನಡ ಸೀಮೆ ಒಂದಾಗಬೇಕೆಂಬುದು ಅವರ ಜೀವದ ಹಂಬಲ. ಆದರೆ ಪಕ್ಷದ ವರಿಷ್ಠರು ದೆಹಲಿಯಲ್ಲಿ ‘ತಾಳಿ, ತಾಳಿ’ ಎನ್ನುತ್ತಿದ್ದರು. 1953ರಲ್ಲಿ ಅದರಗುಂಚಿ ಶಂಕರಗೌಡರು ಆಮರಣಾಂತ ಉಪವಾಸಕ್ಕೆ ಕುಳಿತಾಗ ಹುಬ್ಬಳ್ಳಿಯ ಜನ ಕೆರಳಿ, ಪ್ರದೇಶ ಕಾಂಗ್ರೆಸ್ಸಿನ ಮುಖಂಡರನ್ನೇ ಮುತ್ತಿದರು. ಹೊರಗೆ ಜನರ ಕೂಗು, ಒಳಗೆ ಪಕ್ಷದ ಶಿಸ್ತು. ಅಧ್ಯಕ್ಷ ಪದವಿಯಲ್ಲಿದ್ದವನಿಗೆ ಅದು ಅಡಕತ್ತರಿಯ ಸ್ಥಿತಿ. ಪಕ್ಷವನ್ನು ಬಿಡದೆ, ಬೇಡಿಕೆಯನ್ನೂ ಬಿಡದೆ ಒಳಗಿನಿಂದಲೇ ಒತ್ತಾಯ ಹೇರುವ ಹಾದಿಯನ್ನು ನಿಜಲಿಂಗಪ್ಪನವರು ಹಿಡಿದರು. ಸಂಸ್ಥೆಯಿಂದ ಹೊರಗೆ ನಿಂತು ಗೆಲ್ಲುವುದಕ್ಕಿಂತ ಸಂಸ್ಥೆಯೊಳಗಿದ್ದು ಸೋಲುವುದೇ ಲೇಸೆಂಬ ಒಂದು ಹಟ ಅವರಲ್ಲಿತ್ತೆಂದು ನಮಗೆ ತೋರುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ, ಏಕೆಂದರೆ 1969ರಲ್ಲಿ ಇದೇ ಹಟ ಅವರನ್ನು ಬೇರೊಂದು ಅಂಚಿಗೆ ತಂದು ನಿಲ್ಲಿಸಿತು.

ಇಲ್ಲಿ ಇನ್ನಿಬ್ಬರನ್ನು ಸ್ಮರಿಸದಿದ್ದರೆ ನಮ್ಮ ಲೇಖನಿ ಪಕ್ಷಪಾತ ಮಾಡಿದಂತಾಗುತ್ತದೆ. ಹಳೆಯ ಮೈಸೂರಿನ ಅನೇಕ ನಾಯಕರಿಗೆ ಏಕೀಕರಣವೆಂದರೆ ಅಂಜಿಕೆಯಿತ್ತು. ಉತ್ತರದ ಜಿಲ್ಲೆಗಳು ಸೇರಿದರೆ ಸಂಖ್ಯಾಬಲದ ತಕ್ಕಡಿ ಲಿಂಗಾಯತರ ಕಡೆಗೆ ವಾಲುತ್ತದೆಂಬುದು ಆ ಅಂಜಿಕೆಯ ತಿರುಳು. ಅದನ್ನು ಬರಿಯ ಮತ್ಸರವೆಂದು ನಾವು ತಳ್ಳಿಹಾಕುವಂತಿಲ್ಲ. ನಾವು ಅವರ ಸ್ಥಾನದಲ್ಲಿದ್ದರೆ ಹಾಗೆಯೇ ಯೋಚಿಸುತ್ತಿದ್ದೆವೇನೋ. ಅಂಥ ವಾತಾವರಣದಲ್ಲಿ ಮೈಸೂರಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಏಕೀಕರಣದ ಪರವಾಗಿ ನಿಂತರು. 1956ರ ಆಗಸ್ಟ್‌ನಲ್ಲಿ ಅವರು ಅಧಿಕಾರ ಬಿಡಬೇಕಾಯಿತು. ಅವರ ನಂತರ ಬಂದ ಕಡಿದಾಳ್ ಮಂಜಪ್ಪನವರು ಎರಡೂವರೆ ತಿಂಗಳಷ್ಟೇ ಮುಖ್ಯಮಂತ್ರಿಯಾಗಿದ್ದು, ಅಕ್ಟೋಬರ್ 31ರಂದು ಸ್ಥಾನ ತೆರವು ಮಾಡಿದರು. ಮರುದಿನ, ನವೆಂಬರ್ 1ರಂದು, ವಿಶಾಲ ಮೈಸೂರು ರಾಜ್ಯದ ಪ್ರಥಮ ಮುಖ್ಯಮಂತ್ರಿಯಾಗಿ ನಿಜಲಿಂಗಪ್ಪನವರು ಪ್ರಮಾಣವಚನ ಸ್ವೀಕರಿಸಿದರು. ಅವರು ಏರಿದ ಮೆಟ್ಟಿಲನ್ನು ಕಟ್ಟಿದವರಲ್ಲಿ ಬೇರೆ ಸಮುದಾಯದ ಈ ಹಿರಿಯರೂ ಇದ್ದರು. ನಮ್ಮ ಪಡಸಾಲೆಯ ಲೆಕ್ಕಾಚಾರದಲ್ಲಿ ಇವರ ಹೆಸರು ಬರುವುದೇ ಅಪರೂಪ.

ಹೊಸ ರಾಜ್ಯದ ಮೊದಲ ಮುಖ್ಯಮಂತ್ರಿಯ ಪಾಡು ಸುಖದ್ದಾಗಿರಲಿಲ್ಲ. ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು, ಮೈಸೂರು ಎಂಬ ಐದು ಆಡಳಿತಗಳ ಕಾನೂನು, ಕಂದಾಯ, ನೌಕರವರ್ಗಗಳನ್ನು ಒಂದು ಚೌಕಟ್ಟಿಗೆ ತರುವ ಕೆಲಸ ಅವರ ಹೆಗಲೇರಿತು. ಪಕ್ಷದೊಳಗಿನ ಭಿನ್ನಮತ ಬೇಗನೆ ತಲೆಯೆತ್ತಿತು. 1958ರ ಮೇ ತಿಂಗಳಲ್ಲಿ ಅವರು ಅಧಿಕಾರ ಬಿಟ್ಟರು. ಬಿ. ಡಿ. ಜತ್ತಿಯವರು ಆ ಸ್ಥಾನಕ್ಕೆ ಬಂದರು.

1962ರ ಆ ನೂರು ದಿನಗಳು

ನಿಜಲಿಂಗಪ್ಪನವರ ಬದುಕಿನಲ್ಲಿ ನಮ್ಮನ್ನು ಬಹುವಾಗಿ ಸೆಳೆಯುವ ಅಧ್ಯಾಯ ಅವರು ಗೆದ್ದ ಯಾವ ಚುನಾವಣೆಯದೂ ಅಲ್ಲ, ಸೋತ ಚುನಾವಣೆಯದು.

1962ರ ಸಾರ್ವತ್ರಿಕ ಚುನಾವಣೆಯಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ ಬಹುಮತ ಪಡೆಯಿತು. ಅದರ ಪ್ರಮುಖ ನಾಯಕ ನಿಜಲಿಂಗಪ್ಪನವರು ಮಾತ್ರ ತಮ್ಮದೇ ಜಿಲ್ಲೆಯ ಹೊಸದುರ್ಗದಲ್ಲಿ ಪರಾಭವಗೊಂಡರು. ಮದುವೆಯ ಚಪ್ಪರ ಸಿದ್ಧವಾಗಿರುವಾಗ ವರನೇ ಮನೆಯಲ್ಲಿ ಉಳಿದಂತಾಯಿತು. ಶಾಸಕಾಂಗ ಪಕ್ಷದಲ್ಲಿ ಅವರ ಬೆಂಬಲಿಗರೇ ಹೆಚ್ಚಾಗಿದ್ದರು, ಆದರೆ ಶಾಸಕನಲ್ಲದವನನ್ನು ತತ್‌ಕ್ಷಣ ಕುರ್ಚಿಯಲ್ಲಿ ಕೂಡಿಸುವುದು ಶೋಭೆಯಲ್ಲ. ಆಗ ಕಂಡದ್ದು ಶಿವಲಿಂಗಪ್ಪ ರುದ್ರಪ್ಪ ಕಂಠಿಯವರ ಹೆಸರು. ಕೆರೂರಿನಲ್ಲಿ 1908ರಲ್ಲಿ ಹುಟ್ಟಿದ ಕಂಠಿಯವರು ಹುನಗುಂದ ಕ್ಷೇತ್ರದ ಶಾಸಕರು. ವಿಶಾಲ ರಾಜ್ಯದ ವಿಧಾನಸಭೆಯ ಅಧ್ಯಕ್ಷ ಪೀಠದಲ್ಲಿ ಕುಳಿತು ಎಲ್ಲ ಪಕ್ಷಗಳ ಗೌರವ ಗಳಿಸಿದ್ದವರು. 1962ರ ಮಾರ್ಚ್ 14ರಂದು ಅವರು ಮುಖ್ಯಮಂತ್ರಿಯಾದರು.

ಇತ್ತ ಬಾಗಲಕೋಟೆಯಿಂದ ಆರಿಸಿ ಬಂದಿದ್ದ ಬಿ. ಟಿ. ಮುರನಾಳರು ತಮ್ಮ ಶಾಸಕತ್ವಕ್ಕೆ ರಾಜೀನಾಮೆಯಿತ್ತರು. ತೆರವಾದ ಆ ಕ್ಷೇತ್ರದಿಂದ ನಿಜಲಿಂಗಪ್ಪನವರು ವಿಧಾನಸಭೆಗೆ ಬಂದರು. ಜೂನ್ 20ರಂದು ಕಂಠಿಯವರು ಕುರ್ಚಿಯಿಂದೆದ್ದರು; ಮರುದಿನ ನಿಜಲಿಂಗಪ್ಪನವರು ಅಲ್ಲಿ ಕುಳಿತರು. ಕಂಠಿಯವರ ಆಡಳಿತಕ್ಕೆ ನೂರು ದಿನಗಳೂ ತುಂಬಿರಲಿಲ್ಲ.

ಈ ಸಂಗತಿಯನ್ನು ರಾಮಾಯಣದ ಭರತನಿಗೆ ಹೋಲಿಸಿ ಹೇಳುವ ರೂಢಿ ನಮ್ಮ ಉತ್ತರ ಕರ್ನಾಟಕದಲ್ಲಿದೆ. ಹೋಲಿಕೆ ಚೆನ್ನಾಗಿದೆ, ಆದರೆ ಅದು ಕಂಠಿಯವರ ಕಷ್ಟವನ್ನು ಕಡಿಮೆ ಮಾಡಿ ತೋರಿಸುತ್ತದೆಂದು ನಮ್ಮ ಅನಿಸಿಕೆ. ಭರತನು ಪಾದುಕೆಯನ್ನು ಸಿಂಹಾಸನದ ಮೇಲಿಟ್ಟು ತಾನು ನಂದಿಗ್ರಾಮದಲ್ಲಿದ್ದ. ಕಂಠಿಯವರಾದರೋ ನಿಜವಾಗಿ ಸಿಂಹಾಸನದ ಮೇಲೆ ಕುಳಿತಿದ್ದರು. ಕಡತಗಳು ಅವರ ರುಜುವಿಗಾಗಿ ಬರುತ್ತಿದ್ದವು. ಬಾಗಿಲಲ್ಲಿ ಹಾರ ತುರಾಯಿ ಹಿಡಿದವರ ಸಾಲಿತ್ತು. ಶಾಸಕರ ಒಂದು ಗುಂಪನ್ನು ಒಲಿಸಿಕೊಂಡು, ‘ರಾಜ್ಯದ ಹಿತಕ್ಕಾಗಿ ಮುಂದುವರಿಯುತ್ತೇನೆ’ ಎಂದು ಹೇಳುವುದು ಎಷ್ಟು ಸುಲಭವೆಂಬುದನ್ನು ನಮ್ಮ ನಾಡು ಆಮೇಲೆ ಹಲವಾರು ಸಲ ಕಂಡಿದೆ. ಕಂಠಿಯವರು ಹಾಗೆ ಮಾಡಲಿಲ್ಲ. ಸಾಲದುದಕ್ಕೆ, ತಾವು ಬಿಟ್ಟುಕೊಟ್ಟ ನಾಯಕನ ಕೈಕೆಳಗೆ ಶಿಕ್ಷಣ ಸಚಿವರಾಗಿ ದುಡಿದರು. ವಿಜಯಪುರದಲ್ಲಿ 1963ರಲ್ಲಿ ಆರಂಭವಾದ ಸೈನಿಕ ಶಾಲೆ ಅವರ ಕಾಲದ ಕೊಡುಗೆ. ಮೇಲಿನ ಮಣೆಯಿಂದ ಇಳಿದು ಕೆಳಗಿನ ಮಣೆಯಲ್ಲಿ ಮುಖ ಸಪ್ಪೆ ಮಾಡದೆ ಕೂರುವುದು ನಮ್ಮ ಕೂಡುಕುಟುಂಬಗಳಲ್ಲೇ ಎಷ್ಟು ಕಠಿಣವೆಂದು ಗೃಹಿಣಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಹಿರಿಮೆ ಕಂಠಿಯವರದೆಂಬುದರಲ್ಲಿ ಎರಡು ಮಾತಿಲ್ಲ. ಹಾಗಾದರೆ ನಿಜಲಿಂಗಪ್ಪನವರ ಪಾಲೇನು? ಅವರು ನಂಬಿದರು. ಗೆದ್ದವನ ಕೈಗೆ ಕೀಲಿಕೈ ಕೊಟ್ಟು, ಸೋತವನು ಹೊರಗೆ ಕಾಯುವುದಕ್ಕೂ ಒಂದು ಎದೆಗಾರಿಕೆ ಬೇಕು. ಅಧಿಕಾರವೆಂಬುದು ಒಬ್ಬ ವ್ಯಕ್ತಿಯ ಸ್ವಯಾರ್ಜಿತ ಆಸ್ತಿಯಲ್ಲ, ಸಹೋದ್ಯೋಗಿಗಳ ವಿಶ್ವಾಸದ ಮೇಲೆ ನಿಂತ ಒಂದು ನ್ಯಾಸ ಎಂಬ ತಿಳಿವಳಿಕೆ ಅವರ ರಾಜಕಾರಣದ ಬುನಾದಿಯಾಗಿತ್ತು. ಮತ್ತೊಂದು ಮಗ್ಗುಲನ್ನೂ ಹೇಳಿಬಿಡೋಣ. ಹೊಸದುರ್ಗದ ಮತದಾರರು ಬೇಡವೆಂದವರನ್ನು ಮೂರೇ ತಿಂಗಳಲ್ಲಿ ಬೇರೊಂದು ಬಾಗಿಲಿನಿಂದ ಒಳತಂದದ್ದು ಪ್ರಜಾಪ್ರಭುತ್ವದ ದೃಷ್ಟಿಯಿಂದ ನಿಷ್ಕಳಂಕವಾದ ಕ್ರಮವೇ ಎಂದು ಅಂದೂ ಕೆಲವರು ಕೇಳಿರಬೇಕು, ನಾವೂ ಕೇಳುತ್ತೇವೆ. ಕಾನೂನು ಅದಕ್ಕೆ ಅಡ್ಡಿ ಮಾಡಲಿಲ್ಲ. ಬಾಗಲಕೋಟೆಯ ಜನ ಒಪ್ಪಿದರು. ಹೊಸದುರ್ಗದ ಜನರ ತೀರ್ಪಿಗೆ ಬೆಲೆಯೇನಾಯಿತೆಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ.

ಆಮೇಲಿನ ಆರು ವರ್ಷಗಳು ಅವರ ಆಡಳಿತದ ಮಧ್ಯಾಹ್ನ. ಶರಾವತಿಯ ವಿದ್ಯುತ್ತು ನಾಡಿಗೆ ಹರಿದದ್ದು, 1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲಿಟ್ಟದ್ದು, ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯ ಮತ್ತು ಕೃಷಿ ವಿಶ್ವವಿದ್ಯಾಲಯಗಳು ಆರಂಭವಾದದ್ದು ಈ ಅವಧಿಯಲ್ಲೇ. ಗಡಿಯ ವ್ಯಾಜ್ಯಕ್ಕಾಗಿ 1966ರಲ್ಲಿ ಮಹಾಜನ ಆಯೋಗ ನೇಮಕವಾದಾಗ ಅದರ ತೀರ್ಮಾನಕ್ಕೆ ಬದ್ಧರಾಗಿರುವ ನಿಲುವನ್ನು ಅವರು ತಳೆದರು. ಈ ಸಾಧನೆಗಳ ಪಟ್ಟಿ ಎಲ್ಲರಿಗೂ ಪರಿಚಿತವಾದುದರಿಂದ ಅದನ್ನು ಬೆಳೆಸುವುದಿಲ್ಲ.

ದೆಹಲಿಯ ದಾರಿ

1968ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಡೆದ ಅಧಿವೇಶನದಲ್ಲಿ ಅವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದರು. ಕೆಲವು ತಿಂಗಳು ಮುಖ್ಯಮಂತ್ರಿ ಪದವಿಯೂ ಅಧ್ಯಕ್ಷ ಪದವಿಯೂ ಅವರಲ್ಲೇ ಇದ್ದವು. ಮೇ ತಿಂಗಳ ಕೊನೆಯಲ್ಲಿ ಮುಖ್ಯಮಂತ್ರಿಯ ಸ್ಥಾನವನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟರು. ಪಾಟೀಲರನ್ನೂ ರಾಮಕೃಷ್ಣ ಹೆಗಡೆಯವರನ್ನೂ ಜನ ನಿಜಲಿಂಗಪ್ಪನವರ ಲವ-ಕುಶರೆಂದು ಕರೆಯುತ್ತಿದ್ದರು.

ಇಂದಿರಾ ಗಾಂಧಿಯವರೊಡನೆ ನಡೆದ ಸಂಘರ್ಷದ ಕಥೆಯನ್ನು ಅನೇಕರು ಎರಡು ಬಣ್ಣಗಳಲ್ಲಿ ಮಾತ್ರ ಬರೆದಿದ್ದಾರೆ. ಒಂದು ಪಂಗಡಕ್ಕೆ ನಿಜಲಿಂಗಪ್ಪನವರು ಬಡವರ ವಿರೋಧಿಯಾದ ‘ಸಿಂಡಿಕೇಟ್’ನ ಮುಖಂಡರು, ಇನ್ನೊಂದು ಪಂಗಡಕ್ಕೆ ಅವರು ಪ್ರಜಾಪ್ರಭುತ್ವದ ಹುತಾತ್ಮರು. ನಮಗೆ ಎರಡೂ ಪೂರ್ಣ ಸತ್ಯವೆನಿಸುವುದಿಲ್ಲ.

ಕಾಮರಾಜ, ಎಸ್. ಕೆ. ಪಾಟೀಲ, ಅತುಲ್ಯ ಘೋಷ್, ಸಂಜೀವ ರೆಡ್ಡಿ, ನಿಜಲಿಂಗಪ್ಪ ಈ ಹಿರಿಯರು 1963ರಲ್ಲಿ ತಿರುಪತಿಯಲ್ಲಿ ಕೂಡಿ ನೆಹರೂ ಅವರ ನಂತರ ಯಾರು ಎಂಬುದನ್ನು ಸಮಾಲೋಚಿಸಿದರು. ಶಾಸ್ತ್ರಿಯವರ ಆಯ್ಕೆಯಲ್ಲಿ ಈ ಗುಂಪಿನ ಕೈವಾಡವಿತ್ತು. 1966ರಲ್ಲಿ ಮೊರಾರ್ಜಿಯವರನ್ನು ಹಿಂದಿಕ್ಕಿ ಇಂದಿರಾ ಅವರು ಪ್ರಧಾನಿಯಾದದ್ದೂ ಇವರ ಬೆಂಬಲದಿಂದಲೇ. ಚಿಕ್ಕ ವಯಸ್ಸಿನ, ಅನುಭವ ಕಡಿಮೆಯಾದ ಹೆಣ್ಣುಮಗಳು ಹೇಳಿದಂತೆ ಕೇಳಿಕೊಂಡಿರುತ್ತಾಳೆಂಬ ಒಳಲೆಕ್ಕ ಹಲವರಲ್ಲಿತ್ತು. ಒಬ್ಬರನ್ನು ಅವರ ಯೋಗ್ಯತೆಗಾಗಿ ಆರಿಸದೆ ತಮ್ಮ ಅನುಕೂಲಕ್ಕಾಗಿ ಆರಿಸಿದವರು, ಮುಂದೆ ಅವರು ಸ್ವತಂತ್ರವಾಗಿ ನಡೆದಾಗ ಮೋಸವಾಯಿತೆಂದು ದೂರುವುದು ಅಷ್ಟು ಹೊಂದುವ ಮಾತಲ್ಲ. ಸೊಸೆಯನ್ನು ಮೆತ್ತಗಿನವಳೆಂದು ತಂದು ಆಮೇಲೆ ಅವಳ ದನಿಯನ್ನು ಕೇಳಿ ಬೆಚ್ಚಿಬೀಳುವ ಮನೆಗಳು ನಮ್ಮಲ್ಲೂ ಇಲ್ಲದಿಲ್ಲ.

1969ರ ಏಪ್ರಿಲ್‌ನಲ್ಲಿ ಫರೀದಾಬಾದಿನ ಅಧಿವೇಶನದಲ್ಲಿ ನಿಜಲಿಂಗಪ್ಪನವರು ಸರಕಾರಿ ಉದ್ಯಮಗಳ ಅದಕ್ಷತೆಯನ್ನು ಟೀಕಿಸಿದರು. ಪ್ರಧಾನಿಯವರು ಅದೇ ವೇದಿಕೆಯಲ್ಲಿ ಅದಕ್ಕೆ ಪ್ರತ್ಯುತ್ತರ ಕೊಟ್ಟರು. ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡರು. ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎ.ಐ.ಸಿ.ಸಿ. ಸಭೆ ಸೇರಿದಾಗ ಪಕ್ಷದ ಸಂಸದೀಯ ಮಂಡಳಿ ಬಹುಮತದಿಂದ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಸ್ಥಾನಕ್ಕೆ ಅಭ್ಯರ್ಥಿಯಾಗಿ ಆರಿಸಿತು. ಪ್ರಧಾನಿಯವರ ಇಚ್ಛೆ ಬೇರೆಯಾಗಿತ್ತು. ಕೆಲವೇ ದಿನಗಳಲ್ಲಿ ಮೊರಾರ್ಜಿಯವರಿಂದ ಹಣಕಾಸು ಖಾತೆ ಕಿತ್ತುಕೊಳ್ಳಲಾಯಿತು. ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಜನ ಬೀದಿಗಿಳಿದು ಹರ್ಷಿಸಿದರು. ಆಮೇಲೆ ಕೇಳಿಬಂದದ್ದು ‘ಆತ್ಮಸಾಕ್ಷಿಯ ಮತ’ ಎಂಬ ಹೊಸ ಮಾತು. ಪಕ್ಷದ ಅಧಿಕೃತ ಅಭ್ಯರ್ಥಿಗೇ ಮತ ಕೊಡಬೇಕೆಂಬ ಕಟ್ಟಳೆ ಬೇಡ, ಪ್ರತಿಯೊಬ್ಬರೂ ತಮ್ಮ ಅಂತರಂಗ ಹೇಳಿದಂತೆ ನಡೆಯಲಿ ಎಂಬುದು ಅದರ ಅರ್ಥ. ಆಗಸ್ಟ್ 20ರಂದು ಫಲಿತಾಂಶ ಬಂದಾಗ ವಿ. ವಿ. ಗಿರಿಯವರಿಗೆ 4,20,077 ಮತಮೌಲ್ಯ, ರೆಡ್ಡಿಯವರಿಗೆ 4,05,427. ಪಕ್ಷದ ಅಭ್ಯರ್ಥಿ ಪಕ್ಷದವರಿಂದಲೇ ಸೋತಿದ್ದರು.

ಈ ಪ್ರಸಂಗದಲ್ಲಿ ನಿಜಲಿಂಗಪ್ಪನವರದು ಏನೂ ತಪ್ಪಿರಲಿಲ್ಲವೆಂದು ನಾವು ಹೇಳಲಾರೆವು. ಪ್ರಧಾನಿಯವರು ಆ ಸ್ಥಾನದಲ್ಲಿ ಮುಂದುವರಿಯಲು ಅರ್ಹರೇ ಎಂಬ ಸಂದೇಹವನ್ನು ಅವರು ಆ ವರ್ಷದ ಮಾರ್ಚ್ ತಿಂಗಳಷ್ಟು ಮುಂಚೆಯೇ ತಮ್ಮ ದಿನಚರಿಯಲ್ಲಿ ಬರೆದಿದ್ದರು. ಒಳಗೆ ಹೀಗೆಂದುಕೊಂಡು ಹೊರಗೆ ಐಕ್ಯದ ಮಾತನಾಡುವುದು ಯಾವ ರಾಜಕಾರಣಿಗೂ ತಪ್ಪಿದ್ದಲ್ಲ. ಅದಕ್ಕಿಂತ ದೊಡ್ಡ ಪ್ರಮಾದವೆಂದರೆ, ರೆಡ್ಡಿಯವರಿಗೆ ಎರಡನೆಯ ಪ್ರಾಶಸ್ತ್ಯದ ಮತ ಕೊಡಿಸುವ ಸಲುವಾಗಿ ಅವರು ಸ್ವತಂತ್ರ ಪಕ್ಷ ಮತ್ತು ಜನಸಂಘದ ಮುಖಂಡರನ್ನು ಕಂಡು ಮಾತನಾಡಿದ್ದು. ಆ ಪಕ್ಷಗಳಿಗೆ ಸಿ. ಡಿ. ದೇಶಮುಖರು ಬೇರೆ ಅಭ್ಯರ್ಥಿಯಾಗಿದ್ದರು. ಚುನಾವಣೆಯ ಗಣಿತದಲ್ಲಿ ಅದು ಸಹಜವಾದ ನಡೆ. ಆದರೆ ಪಕ್ಷನಿಷ್ಠೆಯ ಪಾಠ ಹೇಳುತ್ತಿದ್ದ ಅಧ್ಯಕ್ಷರೇ ವಿರೋಧಿಗಳ ಮನೆ ಬಾಗಿಲಿಗೆ ಹೋದರೆಂಬ ಅಸ್ತ್ರವನ್ನು ಅವರು ತಾವಾಗಿಯೇ ಎದುರಾಳಿಗಳ ಕೈಗೆ ಕೊಟ್ಟರು. ಹಳ್ಳಿಯ ರಾಜಕಾರಣದಲ್ಲಿ ಪಳಗಿದ ಹಿರಿಯರು ಇಂಥ ಸಾಮಾನ್ಯ ಎಚ್ಚರವನ್ನು ಹೇಗೆ ಮರೆತರೋ ಎಂದು ಅಚ್ಚರಿಯಾಗುತ್ತದೆ.

ನವೆಂಬರ್ 1ರಂದು ಒಂದೇ ಕಾಂಗ್ರೆಸ್ಸಿನ ಕಾರ್ಯಕಾರಿ ಸಮಿತಿಗಳು ದೆಹಲಿಯಲ್ಲಿ ಎರಡು ಕಡೆ ಕೂಡಿದವು. 12ರಂದು ಪ್ರಧಾನಿಯವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು. ಆ ದಿನಗಳಲ್ಲಿ ನಿಜಲಿಂಗಪ್ಪನವರು ಇಂದಿರಾ ಅವರನ್ನು ಕುರಿತು ಬರೆದ ಮಾತುಗಳಲ್ಲಿ ಅವರ ರಾಜಕೀಯ ದರ್ಶನವೆಲ್ಲ ಅಡಗಿದೆಯೆಂದು ನಮ್ಮ ನಂಬಿಕೆ. ದೇಶದ ಮೇಲಿನ ನಿಷ್ಠೆಗೂ ಪಕ್ಷದ ಮೇಲಿನ ನಿಷ್ಠೆಗೂ ತಮ್ಮ ಮೇಲಿನ ವೈಯಕ್ತಿಕ ನಿಷ್ಠೆಯನ್ನೇ ಒರೆಗಲ್ಲಾಗಿ ಮಾಡಿಕೊಂಡಿದ್ದೀರಿ ಎಂದು ಅವರು ಆಕ್ಷೇಪಿಸಿದರು. ಜನಪ್ರಿಯತೆಯ ಅಲೆಯ ಮೇಲೋ ಒಂದು ಪ್ರಜಾಸತ್ತಾತ್ಮಕ ಸಂಸ್ಥೆಯ ಬಲದ ಮೇಲೋ ಮೇಲೇರಿದ ನಾಯಕರು ತಮ್ಮ ರೂಪಕ್ಕೆ ತಾವೇ ಮರುಳಾಗಿ, ಹೊಗಳುಭಟರ ಕೂಟಕ್ಕೆ ಕಿವಿಗೊಟ್ಟಾಗ ಪ್ರಜಾಪ್ರಭುತ್ವಕ್ಕೆ ಒದಗುವ ದುರಂತಕ್ಕೆ ಚರಿತ್ರೆಯಲ್ಲಿ ಬೇಕಾದಷ್ಟು ನಿದರ್ಶನಗಳಿವೆ ಎಂಬ ಅರ್ಥದ ಎಚ್ಚರಿಕೆಯನ್ನೂ ನೀಡಿದರು.

ಆ ಹೊತ್ತಿಗೆ ಈ ಮಾತು ಸೋಲುತ್ತಿರುವವರ ಗೊಣಗಾಟದಂತೆ ಕೇಳಿಸಿತು. 1971ರ ಲೋಕಸಭಾ ಚುನಾವಣೆಯಲ್ಲಿ ಅವರ ಸಂಸ್ಥಾ ಕಾಂಗ್ರೆಸ್ಸಿಗೆ ದೇಶದಲ್ಲೆಲ್ಲ ದೊರೆತದ್ದು 16 ಸ್ಥಾನ. ಅವರ ಸ್ವಂತ ರಾಜ್ಯದಲ್ಲಿ 27ಕ್ಕೆ 27 ಸ್ಥಾನಗಳೂ ಇಂದಿರಾ ಅವರ ಪಾಲಾದವು. ವೀರೇಂದ್ರ ಪಾಟೀಲರ ಸರಕಾರ ಉರುಳಿತು. 1972ರಲ್ಲಿ, ಹಿಂದೆ ನಿಜಲಿಂಗಪ್ಪನವರ ಸಚಿವ ಸಂಪುಟದಲ್ಲಿದ್ದ ದೇವರಾಜ ಅರಸರು ಮುಖ್ಯಮಂತ್ರಿಯಾದರು. ನಮ್ಮ ಮನೆತನಗಳಲ್ಲಿ ಅಂದು ಕೆಲವರು ಇದನ್ನು ಸಮುದಾಯಕ್ಕೆ ಬಂದ ಹಿನ್ನಡೆಯೆಂದು ಮಾತ್ರ ನೋಡಿದರು. ಅದುವರೆಗೆ ಅಧಿಕಾರದ ಹೊಸ್ತಿಲು ತುಳಿಯದ ಹಿಂದುಳಿದ ಜನವರ್ಗಗಳಿಗೆ ಬಾಗಿಲು ತೆರೆದ ಕಾಲವೂ ಅದೇ ಎಂಬುದನ್ನು ಬಸವಣ್ಣನವರ ಹೆಸರು ಹೇಳುವ ನಾವು ಮರೆಯಬಾರದಿತ್ತು. ಎಲ್ಲ ಮಾತುಗಳನ್ನೂ ಸಂಸ್ಥೆಯೊಳಗೆ, ಹಿರಿಯರ ಸಭೆಯಲ್ಲಿ ಬಗೆಹರಿಸುವ ನಿಜಲಿಂಗಪ್ಪನವರ ಪದ್ಧತಿಯಲ್ಲಿ ಆ ಸಭೆಗೆ ಕರೆಯೇ ಇಲ್ಲದವರ ದನಿ ಕೇಳಿಸುವುದು ಹೇಗೆ? ಅವರ ರಾಜಕಾರಣದ ದೊಡ್ಡ ಕೊರತೆಯನ್ನು ನಾವು ಇಲ್ಲಿ ಕಾಣುತ್ತೇವೆ. ಬ್ಯಾಂಕ್ ರಾಷ್ಟ್ರೀಕರಣಕ್ಕೆ ಬೀದಿಯಲ್ಲಿ ಕುಣಿದವರು ಮೂಢರಾಗಿರಲಿಲ್ಲ.

ಆದರೂ ಎಚ್ಚರಿಕೆಯ ಆ ಮಾತು ಸತ್ತು ಹೋಗಲಿಲ್ಲ. 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಣೆಯಾದಾಗ ಆರು ವರ್ಷಗಳ ಹಿಂದಿನ ಪತ್ರಕ್ಕೆ ಹೊಸ ಅರ್ಥ ಬಂತು. 1977ರಲ್ಲಿ ಮೊರಾರ್ಜಿಯವರು ಪ್ರಧಾನಿಯಾದರು, ಸೋತಿದ್ದ ಸಂಜೀವ ರೆಡ್ಡಿಯವರು ಅವಿರೋಧವಾಗಿ ರಾಷ್ಟ್ರಪತಿಯಾದರು.

ಅದಕ್ಕಿಂತಲೂ ಮನಸ್ಸನ್ನು ಕಲಕುವುದು ವೀರೇಂದ್ರ ಪಾಟೀಲರ ಪ್ರಸಂಗ. 1978ರಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಅವರ ವಿರುದ್ಧ ನಿಂತು 70,000ಕ್ಕೂ ಮಿಕ್ಕಿದ ಅಂತರದಿಂದ ಸೋತ ಪಾಟೀಲರು ಆಮೇಲೆ ಅದೇ ಇಂದಿರಾ ಕಾಂಗ್ರೆಸ್ಸನ್ನು ಸೇರಿದರು. 1989ರ ಚುನಾವಣೆಯಲ್ಲಿ ಆ ಪಕ್ಷಕ್ಕೆ ರಾಜ್ಯದಲ್ಲಿ ಭಾರಿ ಬಹುಮತ ಬಂದು ಮತ್ತೆ ಮುಖ್ಯಮಂತ್ರಿಯಾದರು. ಒಂದು ವರ್ಷ ತುಂಬುವ ಮೊದಲೇ, ಅಸ್ವಸ್ಥರಾಗಿ ಹಾಸಿಗೆ ಹಿಡಿದಿದ್ದಾಗ, ಮುಖ್ಯಮಂತ್ರಿ ಬದಲಾಗುತ್ತಾರೆಂಬ ಸುದ್ದಿಯನ್ನು ಪಕ್ಷದ ಅಧ್ಯಕ್ಷ ರಾಜೀವ್ ಗಾಂಧಿಯವರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪ್ರಕಟಿಸಿ ಹೊರಟುಹೋದರು. ಶಾಸಕರು ಆರಿಸಿದವರನ್ನು ಶಾಸಕರೇ ಇಳಿಸಬೇಕೆಂಬ ಕಟ್ಟಳೆ, 1958ರಲ್ಲಿ ನಿಜಲಿಂಗಪ್ಪನವರು ತಲೆಬಾಗಿದ ಆ ಕಟ್ಟಳೆ, ಅಲ್ಲಿ ಯಾರಿಗೂ ನೆನಪಾಗಲಿಲ್ಲ. ಲವ-ಕುಶರಲ್ಲೊಬ್ಬರ ಮೇಲೆಯೇ ಹಳೆಯ ಎಚ್ಚರಿಕೆ ಹೀಗೆ ನಿಜವಾದದ್ದನ್ನು ಚಿತ್ರದುರ್ಗದಲ್ಲಿದ್ದ ಹಿರಿಯ ಜೀವ ಕಣ್ಣಾರೆ ಕಂಡಿತು. ಆಗ ಅವರಿಗೆ 87 ವರ್ಷ.

ಕುರ್ಚಿ ಇಲ್ಲದ ಮೂವತ್ತು ವರ್ಷ

ಮೊಳಕಾಲ್ಮೂರು, ಬಾಗಲಕೋಟೆ, ಶಿಗ್ಗಾಂವಿ ಕ್ಷೇತ್ರಗಳನ್ನು ಪ್ರತಿನಿಧಿಸಿ, ಎರಡು ಅವಧಿಗಳಲ್ಲಿ ಒಟ್ಟು ಏಳು ವರ್ಷಗಳಿಗೂ ಮಿಕ್ಕಿ ನಾಡನ್ನಾಳಿ, ದೇಶದ ಅತಿ ದೊಡ್ಡ ಪಕ್ಷದ ಅಧ್ಯಕ್ಷರಾಗಿದ್ದವರು ಆ ಬಳಿಕ ಯಾವ ಸರಕಾರದಲ್ಲೂ ಸ್ಥಾನ ಹಿಡಿಯಲಿಲ್ಲ. ಸರದಾರ ಪಟೇಲರ ಹೆಸರಿನ ಸಂಸ್ಥೆಯೊಂದರ ಅಧ್ಯಕ್ಷತೆ, ಓದು, ಬರಹ, ಬಂದವರೊಡನೆ ಮಾತು, ಇಷ್ಟರಲ್ಲಿ ದಿನಗಳು ಸಾಗಿದವು. ಮುಖ್ಯಮಂತ್ರಿ, ಸಂಸದ, ಸಚಿವ ಎಂಬ ಪದಗಳ ಹಿಂದೆ ‘ಮಾಜಿ’ ಸೇರಿದ ಕೂಡಲೇ ಕುಗ್ಗಿಹೋಗುವ, ಕಾರಿನ ಕೆಂಪು ದೀಪ ಹೋದ ದಿನ ಜ್ವರ ಬಂದವರಂತಾಗುವ ಜನರನ್ನು ನಾವೆಲ್ಲ ನೋಡಿದ್ದೇವೆ. ಮಕ್ಕಳನ್ನು ‘ದೊಡ್ಡವನಾಗು’ ಎಂದು ಹರಸುವಾಗ, ದೊಡ್ಡಸ್ತಿಕೆ ಹೋದ ಮೇಲೆ ಬದುಕುವ ಬಗೆಯನ್ನು ಯಾವ ಮನೆಯಲ್ಲಿ ಹೇಳಿಕೊಡುತ್ತಾರೆ? ಈ ಮೂವತ್ತು ವರ್ಷಗಳ ಬಗ್ಗೆ ನಮ್ಮ ಪತ್ರಿಕೆಗಳು ಬರೆದದ್ದು ಬಹಳ ಕಡಿಮೆ.

ಕಂಠಿಯವರು ಮಾತ್ರ ಅಷ್ಟು ಕಾಲ ಬದುಕಲಿಲ್ಲ. ಕಾಂಗ್ರೆಸ್ ಒಡೆದ ವರ್ಷವೇ, 1969ರ ಡಿಸೆಂಬರ್ 25ರಂದು, ಅವರು ತೀರಿಕೊಂಡರು.

ನಿಜಲಿಂಗಪ್ಪನವರ ಆತ್ಮಕಥೆ ‘ಮೈ ಲೈಫ್ ಅಂಡ್ ಪಾಲಿಟಿಕ್ಸ್’ ಇಂಗ್ಲಿಷಿನಲ್ಲಿ 2000ದಲ್ಲಿ ಪ್ರಕಟವಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ, ತಮ್ಮ 97ನೆಯ ವಯಸ್ಸಿನಲ್ಲಿ, ಅವರು ಚಿತ್ರದುರ್ಗದಲ್ಲಿ ಲಿಂಗೈಕ್ಯರಾದರು. ಊರ ಹೊರಗೆ ಹೆದ್ದಾರಿಯ ಪಕ್ಕದ ಸೀಬಾರದಲ್ಲಿ ಅವರ ಸಮಾಧಿಯಿದೆ. ಅವರು ಬಾಳಿದ ಮನೆಯನ್ನು ಸ್ಮಾರಕವಾಗಿ ಉಳಿಸಬೇಕೆಂಬ ಮಾತು ಎರಡು ದಶಕಗಳು ಕಳೆದ ಮೇಲೂ ನಡೆಯುತ್ತಲೇ ಇತ್ತು. ಬೆಳಗಾವಿಯ ಸಕ್ಕರೆ ಸಂಶೋಧನಾ ಸಂಸ್ಥೆಗೆ ಅವರ ಹೆಸರಿದೆ. 1962ರ ಆ ಬೇಸಿಗೆಯಲ್ಲಿ ಸೋತ ನಾಯಕನನ್ನು ಬರಮಾಡಿಕೊಂಡ ಬಾಗಲಕೋಟೆಯಲ್ಲಿರುವ ವೈದ್ಯಕೀಯ ಕಾಲೇಜಿಗೂ ಅವರದೇ ಹೆಸರು.